ಹುತ್ತರಿಯ ರಾತ್ರಿ ಕೋಣೆಯಲ್ಲೇ ಉಳಿದವರಿಗೆ: ಕೈಕಾಲು ಸ್ವಾಧೀನ ತಪ್ಪಿದ ಮೇಲಿನ ಸಾಮಾಜಿಕ ಬದುಕು

ಪ್ರಶ್ನೆ: ನನಗೆ 38 ವರ್ಷ. ಸುಂಟಿಕೊಪ್ಪದ ಸಮೀಪ ಆರು ಎಕರೆ ಕಾಫಿ ತೋಟವಿದೆ. ಹೋದ ವರ್ಷ ಫೆಬ್ರವರಿಯಲ್ಲಿ ಕರಿಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಬಿದ್ದು ಕುತ್ತಿಗೆಯ ಮೂಳೆ ಮುರಿಯಿತು. ಸಿ-6, ಅಂದರೆ ಕುತ್ತಿಗೆಯ ಆರನೆಯ ಮಟ್ಟದ ಬೆನ್ನುಹುರಿ ಗಾಯ ಎಂದಿದ್ದಾರೆ. ಭುಜ, ಮೊಣಕೈ ಮಡಚುವುದು, ಮಣಿಕಟ್ಟು ಮೇಲೆತ್ತುವುದು ಬರುತ್ತದೆ. ಬೆರಳುಗಳಿಗೆ ಶಕ್ತಿಯಿಲ್ಲ, ಎದೆಯಿಂದ ಕೆಳಗೆ ಸ್ಪರ್ಶವೂ ಇಲ್ಲ. ಮೂತ್ರಕ್ಕೆ ನಳಿಕೆ ಹಾಕಿದ್ದಾರೆ. ಮನೆಗೆ ಬಂದವರು ನನ್ನ ಮುಂದೆಯೇ ನನ್ನ ವಿಷಯವನ್ನು ನನ್ನ ಹೆಂಡತಿಯ ಬಳಿ ಕೇಳುತ್ತಾರೆ. ಒಮ್ಮೆ ನೆಂಟರ ಮನೆಯಲ್ಲಿ ಮೂತ್ರದ ಚೀಲ ಸೋರಿದ ಮೇಲೆ ನಾನು ಹೊರಗೆ ಹೋಗುವುದನ್ನೇ ಬಿಟ್ಟೆ. ಕಳೆದ ಹುತ್ತರಿಗೆ, ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಎಲ್ಲರೂ ಗದ್ದೆಗೆ ಹೋದಾಗ ಕೋಣೆಯಲ್ಲಿ ಮಲಗಿ ಪಟಾಕಿಯ ಸದ್ದು ಕೇಳುತ್ತಿದ್ದೆ. ಈ ಸಲ ಐನ್‌ಮನೆಗೆ, ಅಂದರೆ ಕುಲದ ಮೂಲ ಮನೆಗೆ, ಹೋಗಬೇಕೆಂದಿದೆ, ಜನವರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಯೂ ಇದೆ. ಆದರೆ ಧೈರ್ಯ ಸಾಲುತ್ತಿಲ್ಲ. ಹೆಂಡತಿಯನ್ನು ಜೊತೆಗೆ ಕರೆದುಕೊಳ್ಳದೆ ಗೆಳೆಯರೊಂದಿಗೆ ಹೋಗುವ ದಿನ ಎಂದಾದರೂ ಬರುವುದೇ? ಇದನ್ನು ಫೋನಿಗೆ ಬಾಯಿಯಲ್ಲಿ ಹೇಳಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ತಿದ್ದಬೇಕಾದ ತಪ್ಪು ನನಗೆ ಒಂದೇ ಕಂಡಿತು, ಅದು ‘ಧೈರ್ಯ ಸಾಲುತ್ತಿಲ್ಲ’ ಎಂಬ ಮಾತು. ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ ವೈದ್ಯೆಯಾಗಿ ನಾನು ಕಂಡದ್ದೆಂದರೆ, ಜನರ ನಡುವೆ ಮರಳಿ ಬಂದವರು ಮನೆಯಲ್ಲೇ ಉಳಿದವರಿಗಿಂತ ಧೈರ್ಯಶಾಲಿಗಳಾಗಿರಲಿಲ್ಲ. ಅವರ ವ್ಯವಸ್ಥೆ ಗಟ್ಟಿಯಾಗಿತ್ತು, ಅಷ್ಟೇ. ಆ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ. ಮೂತ್ರ, ಮಲ, ಚರ್ಮ, ದೇಹದ ಶಾಖ ಇವುಗಳ ವೇಳಾಪಟ್ಟಿ ನಿಮ್ಮ ಹಿಡಿತದಲ್ಲಿರಬೇಕು. ಮತ್ತು ನಿಮ್ಮ ದೇಹಕ್ಕೆ ಏನು ಆಗಬೇಕೆಂಬುದನ್ನು ನಿಮ್ಮ ಹೆಂಡತಿಯಲ್ಲ, ನೀವೇ ಬಾಯಿಬಿಟ್ಟು ಹೇಳುವಂತಿರಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ, ಆದರೆ ನೀವು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಅದರಲ್ಲೇ ಇದೆ.

ಈ ಕ್ರಮ ನನ್ನ ಕಲ್ಪನೆಯಲ್ಲ. ಎರಡನೆಯ ಮಹಾಯುದ್ಧದವರೆಗೆ ಬೆನ್ನುಹುರಿ ಕತ್ತರಿಸಿದ ಸೈನಿಕರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗನೆ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗವನ್ನು ವಹಿಸಿಕೊಂಡ ಲುಡ್ವಿಗ್ ಗುಟ್‌ಮನ್ ರೋಗಿಗಳನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಸ್ವಚ್ಛವಾಗಿ ಬರಿದು ಮಾಡುವುದು ಮುಂತಾದ ಬೇಸರದ ಕೆಲಸಗಳನ್ನು ಹಠ ಹಿಡಿದು ಮಾಡಿಸಿದರು. 1948ರ ಜುಲೈಯಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯವರ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಯಿತು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದು. ಮೊದಲು ಚರ್ಮ ಮತ್ತು ಮೂತ್ರಕೋಶ, ಬಿಲ್ಲುಬಾಣ ಆಮೇಲೆ. ನಮ್ಮಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಅವರ ಕೈಗಳು ಉಳಿದಿದ್ದವು. ನಿಮ್ಮದು ಬೇರೆ ಲೆಕ್ಕ. ನೆಂಟರು ಇಂಥ ದೊಡ್ಡವರ ಹೆಸರು ಹೇಳಿ ನಿಮ್ಮನ್ನು ಹುರಿದುಂಬಿಸಲು ಬಂದರೆ ಕೇಳಿಸಿಕೊಂಡು ಸುಮ್ಮನಿರಿ.

ಜನ ನಿಮ್ಮ ಹೆಂಡತಿಯ ಬಳಿ ಮಾತಾಡುವುದೇಕೆ ಎಂಬುದನ್ನು ಮೊದಲು ನೋಡೋಣ. ಅದನ್ನು ನೀವು ಅವಮಾನವೆಂದು ಓದಿದ್ದೀರಿ. ಸ್ವಲ್ಪ ಮಟ್ಟಿಗೆ ಅದು ಅಜ್ಞಾನವೂ ಹೌದು, ಆದರೆ ಅದರ ಹಿಂದೆ ದೇಹದ ಕಾರಣಗಳೂ ಇವೆ, ಅವುಗಳಲ್ಲಿ ಕೆಲವನ್ನು ಸರಿಪಡಿಸಬಹುದು. ನಿಂತವರಿಗಿಂತ ನಿಮ್ಮ ಮುಖ ಎರಡಡಿ ಕೆಳಗಿದೆ. ಸಿ-6 ಗಾಯದಲ್ಲಿ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಹೊಟ್ಟೆಯ ಸ್ನಾಯುಗಳೂ ಕೆಲಸ ಮಾಡದಿರುವುದರಿಂದ ಉಸಿರಾಟವನ್ನು ಮುಖ್ಯವಾಗಿ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯೊಂದೇ ನಡೆಸುತ್ತದೆ; ಹಾಗಾಗಿ ಧ್ವನಿ ತಗ್ಗುತ್ತದೆ, ಒಂದೇ ಉಸಿರಿನಲ್ಲಿ ಉದ್ದದ ವಾಕ್ಯ ಮುಗಿಯುವುದಿಲ್ಲ. ಮಾತಿನ ಜೊತೆ ಆಡುತ್ತಿದ್ದ ಕೈ ಈಗ ಆಡುವುದಿಲ್ಲ, ಮೈಯನ್ನು ಮುಂದಕ್ಕೆ ಬಾಗಿಸಿ ‘ನಾನು ಕೇಳುತ್ತಿದ್ದೇನೆ’ ಎಂದು ತೋರಿಸಲಾಗುವುದಿಲ್ಲ. ಇವೆಲ್ಲ ಸೇರಿ ಎದುರಿನವರಿಗೆ ನೀವು ಮಾತಿನಿಂದಲೇ ಹಿಂದೆ ಸರಿದಂತೆ ಕಾಣುತ್ತದೆ, ಅವರ ಕಣ್ಣು ಪಕ್ಕದಲ್ಲಿ ನಿಂತವರ ಕಡೆ ಹೋಗುತ್ತದೆ.

ಆದ್ದರಿಂದ ಬಂದವರಿಗೆ ಮೊದಲು ಕುರ್ಚಿ ಕೊಡಿಸಿ, ಅದೂ ನಿಮ್ಮ ಎದುರಿಗೆ, ಒಂದು ಮೊಳ ದೂರದಲ್ಲಿ. ‘ಕುಳಿತುಕೊಳ್ಳಿ’ ಎಂಬ ಮಾತು ನಿಮ್ಮದೇ ಬಾಯಿಂದ ಬರಲಿ. ಕುಳಿತಿರುವಾಗ ಹೊಟ್ಟೆಗೆ ಕಟ್ಟುವ ಅಗಲ ಪಟ್ಟಿಯನ್ನು ವೈದ್ಯರ ಸಲಹೆಯಂತೆ ಬಳಸಿದರೆ ವಪೆಗೆ ಆಸರೆ ಸಿಕ್ಕಿ ಉಸಿರೂ ಧ್ವನಿಯೂ ಸುಧಾರಿಸುತ್ತವೆ, ಹಾಸಿಗೆಯಿಂದ ಎದ್ದು ಕುಳಿತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದೂ ಕಡಿಮೆಯಾಗುತ್ತದೆ. ಹಸ್ತಲಾಘವಕ್ಕೆ ನೀವೇ ಮೊದಲು ಕೈ ಚಾಚಿ, ಮಣಿಕಟ್ಟು ಮೇಲೆತ್ತಿ. ಬೆರಳುಗಳು ತಾವಾಗಿ ಮಡಚಿಕೊಂಡು ಎದುರಿನವರ ಕೈಯನ್ನು ಹಗುರವಾಗಿ ಹಿಡಿಯುತ್ತವೆ. ಈ ಹಿಡಿತ ನಿಮ್ಮ ಆಸ್ತಿ. ಪ್ರೀತಿಯಿಂದ ಯಾರಾದರೂ ನಿಮ್ಮ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಜೊತೆಗೇ ಬೆರಳುಗಳನ್ನೂ ನೆಟ್ಟಗೆ ಎಳೆಯಲು ಬಂದರೆ ತಡೆಯಿರಿ. ಬೆರಳಿನ ಸ್ನಾಯುರಜ್ಜು ಸಡಿಲವಾದರೆ ಆ ಹಿಡಿತ ಹೋಗುತ್ತದೆ. ಹಿರಿಯರ ಕಾಲು ಮುಟ್ಟಲಾಗುವುದಿಲ್ಲವೆಂಬ ಸಂಕೋಚ ಕೊಡಗಿನಲ್ಲಿ ಬಹಳ ಜನಕ್ಕೆ ಇರುವುದನ್ನು ಕಂಡಿದ್ದೇನೆ. ತಲೆ ಬಾಗಿಸಿ ಎರಡು ಮುಂಗೈಗಳನ್ನು ಒಟ್ಟು ಸೇರಿಸಿದರೆ ಸಾಕು, ಮಿಕ್ಕದ್ದನ್ನು ಹಿರಿಯರು ತಾವೇ ಬಗ್ಗಿ ಪೂರೈಸುತ್ತಾರೆ.

ನಿಮ್ಮ ಹೆಂಡತಿಗೂ ಒಂದು ಕೆಲಸವಿದೆ: ಪ್ರಶ್ನೆ ಅವರ ಕಡೆ ಬಂದಾಗ ಉತ್ತರಿಸದೆ ನಿಮ್ಮ ಮುಖ ನೋಡುವುದು, ಇಲ್ಲವೇ ಕಾಫಿ ತರುವ ನೆಪದಲ್ಲಿ ಎದ್ದು ಹೋಗುವುದು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬರು ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಬಡಿಸುವವನು ಅವರ ತಂಗಿಯನ್ನು ‘ಇವರು ಊಟ ಮಾಡ್ತಾರಾ?’ ಎಂದು ಕೇಳಿದನಂತೆ. ತಂಗಿ ಸುಮ್ಮನೆ ಅಣ್ಣನ ಕಡೆ ನೋಡಿದಳು. ಅವರು ‘ಮಾಡ್ತೇನೆ ಮಾರಾಯ, ಆದರೆ ನೀನು ಇಲ್ಲೇ ನಿಂತರೆ ಪಲ್ಯ ಆರಿಹೋಗ್ತದೆ’ ಎಂದರು. ಆ ಹುಡುಗ ಉಳಿದ ಪಂಕ್ತಿಯುದ್ದಕ್ಕೂ ಅವರನ್ನೇ ಕೇಳಿ ಕೇಳಿ ಬಡಿಸಿದ. ತಂಗಿಯ ಆ ಎರಡು ಕ್ಷಣದ ಮೌನವನ್ನು ಅವರು ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿದ್ದರು.

ಕೆಲಸ ಹೇಳುವುದರಲ್ಲಿ ನೀವು ಹೊಸಬರಲ್ಲ. ಯಾವ ಗಿಡದ ಚಿಗುರು ತೆಗೆಯಬೇಕು, ಯಾವ ಕೊಂಬೆ ಕತ್ತರಿಸಬೇಕು ಎಂದು ಆಳುಗಳಿಗೆ ಹೇಳಿ ಮಾಡಿಸಿದವರು. ಹೇಳಿದ್ದು ಸ್ಪಷ್ಟವಾಗಿಲ್ಲದಿದ್ದರೆ ಕೆಲಸ ಕೆಡುತ್ತದೆಂಬುದು ನಿಮಗೆ ಗೊತ್ತು. ಈಗ ತೋಟದ ಬದಲು ಮೈಯ ವಿಷಯ. ‘ಸ್ವಲ್ಪ ಸರಿಮಾಡು’ ಎನ್ನುವುದಕ್ಕೆ ಬದಲಾಗಿ ‘ಹಿಂದೆ ನಿಂತು, ಎರಡೂ ಕಂಕುಳಡಿ ಕೈ ಹಾಕಿ, ನನ್ನ ಸೊಂಟ ಕುರ್ಚಿಯ ಹಿಂಬದಿಗೆ ತಾಗುವಂತೆ ಎತ್ತಿ ಕೂರಿಸು’ ಎನ್ನಿ. ಮೆಟ್ಟಿಲಿನ ಎದುರು ನಾಲ್ಕು ಜನ ಉತ್ಸಾಹದಿಂದ ಸುತ್ತುವರಿದು ಸಿಕ್ಕಿದ್ದನ್ನು ಹಿಡಿದೆತ್ತಲು ಬರುತ್ತಾರೆ. ಆಗ ನೀವು ನಿಲ್ಲಿಸಬೇಕು. ಹತ್ತುವಾಗ ಕುರ್ಚಿಯ ಬೆನ್ನು ಮೆಟ್ಟಿಲಿನ ಕಡೆಗಿರಲಿ, ಮೇಲಿನವನು ಹಿಡಿಕೆಗಳನ್ನು ಹಿಡಿದು ಕುರ್ಚಿಯನ್ನು ಹಿಂದಕ್ಕೆ ಓರೆ ಮಾಡಿ ಎಳೆಯಲಿ, ಕೆಳಗಿನವನು ಮುಂಭಾಗದ ಗಟ್ಟಿ ಚೌಕಟ್ಟನ್ನು ಹಿಡಿಯಲಿ. ಕಳಚಿ ಬರುವ ಕೈಯಾಸರೆಯನ್ನೂ ಕಾಲಿಡುವ ಹಲಗೆಯನ್ನೂ ಯಾರೂ ಹಿಡಿಯಕೂಡದು. ಎಣಿಕೆ ನಿಮ್ಮದು: ಒಂದು, ಎರಡು, ಮೂರು. ನೀವು ‘ಮೂರು’ ಎನ್ನುವವರೆಗೆ ಯಾರೂ ಎತ್ತುವುದಿಲ್ಲ ಎಂಬ ಶಿಸ್ತು ಒಮ್ಮೆ ಬಂದಿತೆಂದರೆ, ಸುತ್ತಲಿನವರ ಮಾತಿನ ದಿಕ್ಕೂ ತಾನಾಗಿ ನಿಮ್ಮ ಕಡೆ ತಿರುಗುತ್ತದೆ.

ಇನ್ನು ಚೀಲ ಸೋರಿದ ಸಂಗತಿ. ಅದು ನಿಮ್ಮ ತಪ್ಪಲ್ಲ, ಬಹುಶಃ ಚೀಲದ ಆಯ್ಕೆಯ ತಪ್ಪು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಎರಡು ಲೀಟರಿನ ಚೀಲವನ್ನೇ ಗಾಲಿಕುರ್ಚಿಯ ಪಕ್ಕಕ್ಕೆ ನೇತುಹಾಕಿಕೊಂಡು ತಿರುಗುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಹಾಸಿಗೆಗೆ ಮಾಡಿದ್ದು. ಚಕ್ರಕ್ಕೆ ಸಿಕ್ಕುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಹಗಲಿಗೆ ಕಣಕಾಲಿಗೆ ಕಟ್ಟುವ ಸಣ್ಣ ಚೀಲ ಸಿಗುತ್ತದೆ, ಸಡಿಲವಾದ ಪ್ಯಾಂಟಿನೊಳಗೆ ಕಾಣುವುದೇ ಇಲ್ಲ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದಾಗ ಬರಿದು ಮಾಡಿಸಬೇಕು, ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನಳಿಕೆ ತೊಡೆಯಡಿ ಸಿಕ್ಕಿ ಮಡಚಿರಬಾರದು. ಹೊರಡುವ ಮುನ್ನ ಮತ್ತು ತಲುಪಿದೊಡನೆ ನಳಿಕೆಯನ್ನು ಮೇಲಿಂದ ಕೆಳಗೆ ಕೈಯಾಡಿಸಿ ನೋಡಬೇಕು. ಇನ್ನೊಂದು ಚೀಲ, ಒಂದು ಪ್ಯಾಂಟು, ಒಂದು ಟವೆಲು, ಕೈಗವಸು ಇರುವ ಜೋಳಿಗೆ ಕುರ್ಚಿಯ ಹಿಂದೆ ಸದಾ ಇರಲಿ. ಸಮಾರಂಭವಿದೆಯೆಂದು ಬೆಳಗಿನಿಂದ ನೀರು ಕುಡಿಯದೆ ಇರುವುದು ಎಲ್ಲರೂ ಮಾಡುವ ತಪ್ಪು; ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಗಸಿ ಕಟ್ಟಿ ನಳಿಕೆ ಮುಚ್ಚಿಕೊಳ್ಳುತ್ತದೆ. ಮಲವಿಸರ್ಜನೆಗೆ ದಿನ ಮತ್ತು ಹೊತ್ತು ಗೊತ್ತು ಮಾಡಿಕೊಂಡು, ಊಟವಾದ ಅರ್ಧ ಗಂಟೆಯೊಳಗೆ ಆ ಕ್ರಮ ನಡೆಸಿ, ಅದನ್ನು ಹಬ್ಬಕ್ಕಾಗಿ ತಪ್ಪಿಸದಿದ್ದರೆ ಆ ಕಡೆಯ ಭಯ ಬಹಳಷ್ಟು ಕಡಿಮೆಯಾಗುತ್ತದೆ.

ನಳಿಕೆ ಮುಚ್ಚಿಕೊಂಡರೆ ಆಗುವುದು ಬರೀ ಸೋರಿಕೆಯಲ್ಲ, ಈ ಒಂದು ವಿಷಯವನ್ನು ನಿಮ್ಮ ಜೊತೆ ಹೊರಗೆ ಬರುವ ಪ್ರತಿಯೊಬ್ಬರೂ ತಿಳಿದಿರಲೇಬೇಕು. ಎದೆಯ ಆರನೆಯ ಮಟ್ಟಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಕೆಳಗೆಲ್ಲೋ ಮೂತ್ರಕೋಶ ಬಿಗಿದರೆ, ಮಲ ಕಟ್ಟಿದರೆ, ಬೆಲ್ಟು ಒತ್ತಿದರೆ, ನಿಮಗೆ ನೋವು ತಿಳಿಯದಿದ್ದರೂ ದೇಹ ಪ್ರತಿಕ್ರಿಯಿಸಿ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಕುತ್ತಿಗೆಯ ಮೇಲೆ ಬೆವರು, ರೋಮಾಂಚನ ಇವು ಅದರ ಗುರುತು. ವೈದ್ಯಕೀಯದಲ್ಲಿ ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತೇವೆ. ನಿರ್ಲಕ್ಷಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇಂಥ ಒಬ್ಬರು ತಲೆನೋವೆಂದು ಬಂದರು. ರಕ್ತದೊತ್ತಡ 145 ಇತ್ತು; ‘ಅಷ್ಟೇನೂ ಹೆಚ್ಚಿಲ್ಲ’ ಎಂದು ಮಾತ್ರೆ ಕೊಟ್ಟು ಮಲಗಿಸಿದೆ, ಮಲಗಿಸಿದ್ದೂ ತಪ್ಪು. ಅವರ ದಿನನಿತ್ಯದ ರಕ್ತದೊತ್ತಡ 95 ಎಂಬುದನ್ನು ಕೇಳಿರಲಿಲ್ಲ. ಹಿರಿಯ ನರ್ಸ್ ಒಬ್ಬರು ಬಂದು ಹೊದಿಕೆ ಸರಿಸಿ, ತೊಡೆಯಡಿ ಮಡಚಿದ್ದ ನಳಿಕೆಯನ್ನು ಬಿಡಿಸಿದರು. ಐದು ನಿಮಿಷದಲ್ಲಿ ಅವರು ಕಣ್ಣು ಬಿಟ್ಟು ಮಾತಾಡಿದರು. ಆದ್ದರಿಂದ ಲಕ್ಷಣ ಕಂಡೊಡನೆ ನೆಟ್ಟಗೆ ಕೂರಿಸಿ, ಕಾಲುಗಳನ್ನು ಕೆಳಗೆ ಬಿಟ್ಟು, ಬೆಲ್ಟು, ಹೊಟ್ಟೆಪಟ್ಟಿ, ಶೂ, ಚೀಲದ ಪಟ್ಟಿ ಎಲ್ಲವನ್ನೂ ಸಡಿಲಿಸಿ, ನಳಿಕೆ ನೋಡಬೇಕು. ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ ಕುಳಿತ ಭಂಗಿಯಲ್ಲೇ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಸಾಮಾನ್ಯ ರಕ್ತದೊತ್ತಡ ಎಷ್ಟು, ಏರಿದಾಗ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆಸಿ ಶರ್ಟಿನ ಜೇಬಿನಲ್ಲಿಟ್ಟುಕೊಳ್ಳಿ. ಎಲ್ಲ ವೈದ್ಯರಿಗೂ ಇದು ತಟ್ಟನೆ ಹೊಳೆಯುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಮೊದಲ ಹೊರಹೋಗುವಿಕೆಗೆ ಮದುವೆ ಮನೆಯನ್ನು ಆರಿಸಿಕೊಳ್ಳಬೇಡಿ. ನಿಮ್ಮ ಮನೆಯ ಎದುರು ಕಾಫಿ ಕಣವಿದ್ದೇ ಇರುತ್ತದೆ. ಏರುತಗ್ಗಿನ ಕೊಡಗಿನಲ್ಲಿ ಗಾಲಿಕುರ್ಚಿಗೆ ಅದಕ್ಕಿಂತ ಸಮತಟ್ಟಾದ ಜಾಗ ಇನ್ನೊಂದಿಲ್ಲ, ಮಳೆಗಾಲದ ಪಾಚಿಯನ್ನು ತಿಕ್ಕಿ ತೊಳೆದಿದ್ದರೆ ಸಾಕು. ಕೊಯ್ಲು ಶುರುವಾದ ಮೇಲೆ ಸಂಜೆ ಹಣ್ಣು ತೂಕ ಹಾಕುವ ಹೊತ್ತಿಗೆ ಅಲ್ಲಿರಿ. ಪ್ರತಿಯೊಬ್ಬರ ಚೀಲ ತೂಗುವಾಗ ಕಿಲೋ ಎಷ್ಟೆಂದು ಕೂಗಿ ಹೇಳುವುದು ನಿಮ್ಮ ಕೆಲಸವಾಗಲಿ, ಚೆಕ್‌ರೋಲಿನ (ಕೂಲಿ ಪಟ್ಟಿಯ) ಲೆಕ್ಕ ಫೋನಿಗೆ ಹೇಳಿ ಬರೆಸುವುದೂ ಆಗಲಿ. ಆಳುಗಳಿಗೆ ನಿಮ್ಮ ಕೈಗಿಂತ ತೂಕ ಸರಿಯಾಗಿರುವುದು ಮುಖ್ಯ. ಎರಡನೆಯ ದಿನಕ್ಕೆ ಅವರು ನಿಮ್ಮ ಕಾಲನ್ನು ನೋಡುವುದಿಲ್ಲ, ಅರ್ಧ ಕಿಲೋ ಕಡಿಮೆ ಬಂತೆಂದು ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳ ನನ್ನ ದೃಷ್ಟಿಯಲ್ಲಿ ಫಿಸಿಯೋಥೆರಪಿಯ ಹತ್ತು ಸರದಿಗೆ ಸಮ. ಆಮೇಲೆ ಪಕ್ಕದ ಮನೆ, ಪೇಟೆಯ ಅಂಗಡಿ, ಗ್ರಾಮಸಭೆ. ಊರಿನವರು ನಿಮ್ಮನ್ನು ಗಾಲಿಕುರ್ಚಿಯಲ್ಲಿ ಮೊದಲ ಸಲ ನೋಡುವಾಗಿನ ಬೆರಗು ಒಂದು ಸಲಕ್ಕೆ ಮಾತ್ರ. ಅದನ್ನು ಹೀಗೆ ಸ್ವಲ್ಪಸ್ವಲ್ಪವಾಗಿ ಕಳೆದುಬಿಟ್ಟರೆ ಮದುವೆಯ ದಿನ ಮುನ್ನೂರು ಜನರದ್ದನ್ನು ಒಟ್ಟಿಗೆ ಎದುರಿಸಬೇಕಾಗಿಲ್ಲ.

‘ಏನಾಯ್ತು?’, ‘ಯಾವಾಗ ಸರಿ ಹೋಗ್ತದೆ?’, ‘ಅಲ್ಲೊಬ್ಬರು ಎಣ್ಣೆ ತಿಕ್ಕುವವರಿದ್ದಾರೆ, ನಡೆಸಿಯೇ ಕಳಿಸ್ತಾರೆ’ ಎಂಬ ಮೂರು ಮಾತುಗಳನ್ನು ನೀವು ನೂರು ಸಲ ಕೇಳುವಿರಿ. ಎರಡು ವಾಕ್ಯದ ಉತ್ತರ ಸಿದ್ಧವಿಟ್ಟುಕೊಂಡು, ಮೂರನೆಯ ವಾಕ್ಯದಲ್ಲಿ ಅವರ ತೋಟದ ಕಾಳುಮೆಣಸಿನ ಫಸಲಿನ ವಿಚಾರ ಕೇಳಿಬಿಡಿ. ಬೆನ್ನುಹುರಿ ಗಾಯದಲ್ಲಿ ಚೇತರಿಕೆಯ ಬಹುಪಾಲು ಮೊದಲ ಆರರಿಂದ ಒಂಬತ್ತು ತಿಂಗಳಲ್ಲಿ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಸರಿಹೋಗುವ ದಿನವನ್ನು ಕಾಯುತ್ತಾ ಕೋಣೆಯಲ್ಲಿರುವುದು ಬೇಡ ಎಂದು ನಿಮಗೆ ನೇರವಾಗಿಯೇ ಹೇಳುತ್ತೇನೆ. ಎಣ್ಣೆ ತಿಕ್ಕುವವರ ವಿಷಯದಲ್ಲಿ ನನ್ನ ಆಕ್ಷೇಪ ನಂಬಿಕೆಯದ್ದಲ್ಲ. ಬಳಸದ ಕಾಲಿನ ಮೂಳೆ ತೆಳುವಾಗಿರುತ್ತದೆ, ಬಲವಾಗಿ ಮಡಚಿದರೆ ಮುರಿಯುತ್ತದೆ, ಬಿಸಿ ಎಣ್ಣೆ ಚರ್ಮ ಸುಟ್ಟರೂ ನಿಮಗೆ ತಿಳಿಯುವುದಿಲ್ಲ.

ಇದೇ ಕಾರಣಕ್ಕೆ ಚಳಿಗಾಲದ ಸಂಜೆ ಅಗ್ಗಿಷ್ಟಿಕೆಯ ಸುತ್ತ ಕೂರುವಾಗ ನಿಮ್ಮ ಕಾಲು ಬೆಂಕಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಇನ್ನೊಬ್ಬರ ಅಂಗೈಯಿಂದ ಅಳೆಯಿಸಿ. ಮಳೆಗಾಲದಲ್ಲಿ ಅಂಗಳಕ್ಕೆ ಹೋಗಿ ಬಂದರೆ ಕಾಲ್ಬೆರಳ ಸಂದುಗಳಲ್ಲಿ ಜಿಗಣೆ ನೋಡಿಸಿ. ಎಲ್ಲರೂ ಕಿತ್ತೆಸೆದು ನಗುತ್ತಿರುವಾಗ ನಿಮ್ಮದು ಮಾತ್ರ ರಕ್ತ ಕುಡಿದು ತಾನಾಗಿ ಬೀಳುವವರೆಗೆ ಗೊತ್ತಾಗುವುದಿಲ್ಲ. ಚಳಿಗೆ ಮೈ ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ ನಿಮಗೆ ಕಡಿಮೆಯಾಗಿರುವುದರಿಂದ ಇತರರಿಗಿಂತ ಒಂದು ಪದರ ಬಟ್ಟೆ ಹೆಚ್ಚೇ ಇರಲಿ.

ಈಗ ಹುತ್ತರಿ. ಗದ್ದೆಯ ಬದುವಿನ ಮೇಲೆ ರಾತ್ರಿಯ ಹೊತ್ತಿನಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ, ನಾಲ್ಕು ಜನ ಹೊತ್ತೊಯ್ಯುವ ಸಾಹಸವೂ ಬೇಡ. ಆದರೆ ಹುತ್ತರಿ ಗದ್ದೆಯಲ್ಲಿ ಶುರುವಾಗುವುದಿಲ್ಲ. ನೆರೆ ಕಟ್ಟುವುದು, ಅಂದರೆ ಹಬ್ಬದ ಎಲೆಗಳನ್ನು ಸೇರಿಸಿ ಕಟ್ಟುವುದು, ಐನ್‌ಮನೆಯೊಳಗೆ, ಕುಳಿತು ಮಾಡುವ ಕೆಲಸ. ಎಲೆಗಳನ್ನು ಒಂದೊಂದಾಗಿ ನಿಮ್ಮ ಮಡಚಿದ ಬೆರಳುಗಳ ನಡುವೆ ಇಡಿಸಿಕೊಂಡು ಕಟ್ಟುವವರಿಗೆ ದಾಟಿಸಬಹುದು. ಎಲ್ಲರೂ ಗದ್ದೆಗೆ ಹೊರಟಾಗ ಮನೆಯಲ್ಲಿ ವಯಸ್ಸಾದವರೂ ಎಳೆಮಕ್ಕಳೂ ಉಳಿಯುತ್ತಾರೆ. ನೀವು ಅವರ ಜೊತೆ ಕೋಣೆಯಲ್ಲಿ ಅಲ್ಲ, ಬಾಗಿಲಲ್ಲಿ ದೀಪದ ಬಳಿ ಇರಿ. ‘ಪೊಲಿ ಪೊಲಿ ದೇವಾ’ ಎಂಬ ಕೂಗು ಹತ್ತಿರವಾಗಿ ಕದಿರು ಹೊಸ್ತಿಲಿಗೆ ಬಂದಾಗ ಅದನ್ನು ಎದುರುಗೊಳ್ಳುವವರಲ್ಲಿ ನೀವೊಬ್ಬರು. ಕೋವಿಯ ಸದ್ದಿಗೂ ಪಟಾಕಿಗೂ ಕಾಲುಗಳು ಹಠಾತ್ತನೆ ಸೆಳೆದು ಕುರ್ಚಿಯಿಂದ ಜಾರುವ ಸಂಭವವಿರುವುದರಿಂದ ಎದೆಯ ಪಟ್ಟಿ ಕಟ್ಟಿಕೊಂಡಿರಿ. ಮಕ್ಕಳು ಹೆದರಿದರೆ ‘ಅದು ಸ್ನಾಯು ಸೆಳೆತ, ತಾನೇ ನಿಲ್ಲುತ್ತದೆ’ ಎನ್ನಿ. ಮಕ್ಕಳು ಚೀಲದ ವಿಷಯವನ್ನೂ ಕೇಳುತ್ತಾರೆ. ನಿಜವನ್ನೇ ಹೇಳಿ, ಅವರಿಗೆ ಅಷ್ಟು ಸಾಕು.

ಐನ್‌ಮನೆಯ ಮೆಟ್ಟಿಲು ಎತ್ತರ. ಇಳಿಜಾರಿನ ಹಾದಿ ಕಟ್ಟುವುದಾದರೆ ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು, ಅಂದರೆ ಆರಿಂಚಿನ ಮೂರು ಮೆಟ್ಟಿಲಿಗೆ ಹದಿನೆಂಟಡಿ. ಹಲಗೆ ಹಾಕಿ ಕಡಿದಾಗಿ ತಳ್ಳುವುದಕ್ಕಿಂತ ಮೇಲೆ ಹೇಳಿದಂತೆ ಇಬ್ಬರು ಎತ್ತುವುದೇ ಕ್ಷೇಮ. ವಾಹನದಲ್ಲಿ ಮಡಿಕೇರಿಯ ಕಡೆಯ ತಿರುವುಗಳಿಗೆ ಮೈ ಒಂದು ಬದಿಗೆ ವಾಲುವುದನ್ನು ನೀವು ತಡೆಯಲಾರಿರಿ. ಮುಂದಿನ ಸೀಟಿನಲ್ಲಿ, ಸೀಟ್ ಬೆಲ್ಟಿನ ಜೊತೆ ಎದೆಪಟ್ಟಿಯೂ ಇದ್ದು, ಗಾಲಿಕುರ್ಚಿಯ ಕುಶನ್ನೇ ಅಡಿಯಲ್ಲಿರಲಿ. ಜೀಪು ಎತ್ತರ, ಅದನ್ನು ಬಿಡಿ.

ಮದುವೆಯ ಮಂಟಪವನ್ನು ಒಂದು ವಾರ ಮೊದಲು ಗೆಳೆಯರೊಬ್ಬರು ಹೋಗಿ ಟೇಪು ಹಿಡಿದು ನೋಡಿ ಬರಲಿ: ಬಾಗಿಲ ಅಗಲ, ಮೇಜಿನಡಿಯ ಎತ್ತರ, ಚೀಲ ಬರಿದು ಮಾಡಲು ಒಂದು ಮೂಲೆ. ಎಷ್ಟೋ ಮಂಟಪಗಳಲ್ಲಿ ಮುಂಬಾಗಿಲಿಗೆ ಹನ್ನೆರಡು ಮೆಟ್ಟಿಲಿದ್ದರೂ ಅಡುಗೆ ಸಾಮಾನು ಇಳಿಸುವ ಹಿಂಬಾಗಿಲು ನೆಲಮಟ್ಟದಲ್ಲಿರುತ್ತದೆ. ಅನ್ನದ ಕೊಪ್ಪರಿಗೆಗಿರುವ ಗೌರವ ಮನುಷ್ಯನಿಗಿಲ್ಲವೇ ಎಂದು ನನಗೆ ಸಿಟ್ಟು ಬಂದದ್ದುಂಟು. ಆದರೂ ಮೊದಲ ಸಲ ಆ ಬಾಗಿಲಿಂದಲೇ ಹೋಗಿ, ಮುಂಬಾಗಿಲಿನ ಜಗಳ ಮುಂದಿನ ವರ್ಷಕ್ಕಿರಲಿ. ವಾಲಗದವರಿಂದ ದೂರ, ಗೋಡೆಗೆ ಬೆನ್ನು ಮಾಡಿ ಕುಳಿತರೆ ನಿಮ್ಮ ತಗ್ಗಿದ ಧ್ವನಿ ಕೇಳಿಸುತ್ತದೆ. ಅಂಗೈಗೆ ಸುತ್ತುವ ಪಟ್ಟಿಯಲ್ಲಿ ಚಮಚವನ್ನೋ ಫೋರ್ಕನ್ನೋ ಸಿಕ್ಕಿಸಿಕೊಂಡು ಉಣ್ಣುವುದನ್ನು ಮನೆಯಲ್ಲಿ ರೂಢಿಸಿಕೊಳ್ಳಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಫೋರ್ಕಿಗೆ ಚೆನ್ನಾಗಿ ಸಿಗುತ್ತದೆ, ಸಾರನ್ನ ಸಿಗುವುದಿಲ್ಲ. ಸಾರನ್ನಕ್ಕೆ ತಮ್ಮನ ಕೈಯಿಂದ ಎರಡು ತುತ್ತು ತಿನ್ನುವುದರಲ್ಲಿ ತಪ್ಪೂ ಇಲ್ಲ. ಆದರೆ ಬೇಗ ಬೇಗ ತುರುಕಬೇಡಿ ಎಂದು ಹೇಳಿಡಿ, ಏಕೆಂದರೆ ಸಿಕ್ಕಿಕೊಂಡರೆ ಬಲವಾಗಿ ಕೆಮ್ಮುವ ಶಕ್ತಿ ನಿಮ್ಮಲ್ಲಿಲ್ಲ. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಮೇಜಿನ ಮೇಲೆ ಮೊಣಕೈಯೂರಿ ಮುಂದಕ್ಕೆ ಬಾಗಿಸಿಕೊಳ್ಳಿ. ನೋಡುವವರಿಗೆ ಮಾತು ಕೇಳಲು ಬಾಗಿದಂತೆ ಕಾಣುತ್ತದೆ, ಸೊಂಟದಡಿಯ ಚರ್ಮಕ್ಕೆ ರಕ್ತ ಹರಿಯುತ್ತದೆ. ಮೊದಲ ಸಲ ಒಂದೂವರೆ ಗಂಟೆಗೆ ಹೊರಟುಬಿಡಿ. ಗೆಳೆಯರು ಒಂದು ಪೆಗ್ಗಿಗೆ ಕರೆಯುತ್ತಾರೆ, ನಮ್ಮ ಕಡೆ ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಸೆಳೆತಕ್ಕೆ ಬ್ಯಾಕ್ಲೋಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮದ್ಯದ ಜೊತೆ ಮಂಪರು ಹೆಚ್ಚುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಚೀಲ ಬೇಗ ತುಂಬುತ್ತದೆ. ಬೇಡವೆನ್ನುವುದೇ ಲೇಸು.

ಸರ್ಕಾರದ ಕಡೆಯಿಂದ ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿಕೊಳ್ಳಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ಸಿಗಬೇಕಾದ ಸೌಲಭ್ಯಗಳಿಗೆ ಅದೇ ಆಧಾರ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ನಿಮ್ಮಂಥವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ನೀಡಿದ್ದರು. ಒಳ್ಳೆಯದೇ, ಆದರೆ ಮತಗಟ್ಟೆಗೆ ಹೋಗಲು ಸಾಧ್ಯವಾದರೆ ಹೋಗಿ ಎಂಬುದು ನನ್ನ ಮಾತು. ಸರದಿಯಲ್ಲಿ ಊರವರೊಡನೆ ಕಳೆಯುವ ಆ ಇಪ್ಪತ್ತು ನಿಮಿಷವನ್ನು ಮನೆಬಾಗಿಲಿಗೆ ಬಂದ ಪೆಟ್ಟಿಗೆ ಕೊಡಲಾರದು. ಎರಡು ವಾರ ಸತತವಾಗಿ ನಿದ್ದೆ ಬಾರದೆ, ಊಟ ಸೇರದೆ, ಬದುಕು ಬೇಡವೆನಿಸುತ್ತಿದ್ದರೆ ಅದನ್ನು ಸಹಜ ದುಃಖವೆಂದು ಬಿಡಬೇಡಿ, ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಯದಾಗಿ, ಹೆಂಡತಿಯ ಜೊತೆಯಿಲ್ಲದೆ ಹೋಗುವ ದಿನ. ಬರುತ್ತದೆ, ಅದು ಬೇಗ ಬರುವುದು ಅವರ ದೃಷ್ಟಿಯಿಂದಲೂ ಅಗತ್ಯ. ಬೆಳಗಿನ ಶೌಚದಿಂದ ರಾತ್ರಿಯ ಮಗ್ಗುಲು ಬದಲಿಸುವವರೆಗೆ ಒಬ್ಬರೇ ಎಲ್ಲವನ್ನೂ ಮಾಡಿದರೆ ಅವರು ನರ್ಸ್ ಆಗುತ್ತಾರೆ, ಗಂಡಹೆಂಡಿರ ನಡುವೆ ಇರಬೇಕಾದ ಸಲುಗೆಗೆ ಜಾಗ ಉಳಿಯುವುದಿಲ್ಲ. ಬೆಳಗಿನ ಕೆಲಸಕ್ಕಾದರೂ ಬೇರೆಯವರನ್ನು ಗೊತ್ತು ಮಾಡಲು ಸಾಧ್ಯವೇ ನೋಡಿ. ಗೆಳೆಯರು ಬರುವುದು ನಿಂತಿದ್ದರೆ ಅದಕ್ಕೆ ಮುಖ್ಯ ಕಾರಣ ಬಂದು ಏನು ಮಾಡಬೇಕೆಂದು ಅವರಿಗೆ ತಿಳಿಯದಿರುವುದು. ‘ಬಾ’ ಎನ್ನಬೇಡಿ, ‘ಶನಿವಾರ ನಾಲ್ಕು ಗಂಟೆಗೆ ಬಾ, ಕಣದ ಮೇಲೆ ಎರಡು ಸುತ್ತು ತಳ್ಳಬೇಕು’ ಎನ್ನಿ. ಹಾಗೆ ಬಂದವರಲ್ಲಿ ಒಬ್ಬರನ್ನು ಆರಿಸಿಕೊಂಡು ನೀವೇ ಕಲಿಸಿ: ಚೀಲದ ನಲ್ಲಿ ತೆರೆದು ಬರಿದು ಮಾಡುವುದು, ಮುಂದಕ್ಕೆ ಬಾಗಿಸಿ ಹಿಡಿಯುವುದು, ತಲೆನೋವು ಬಂದರೆ ಏನೆಂಬುದು. ನಿಮ್ಮ ಹೆಂಡತಿ ಪಕ್ಕದ ಕೋಣೆಯಲ್ಲಿರುವಾಗ ಅವರು ಮೂರನ್ನೂ ತಲಾ ಎರಡು ಸಲ ಸರಿಯಾಗಿ ಮಾಡಿದ ಮೇಲೆ, ಸುಂಟಿಕೊಪ್ಪದ ಯಾವುದಾದರೂ ಹೋಟೆಲಿಗೆ ಒಂದು ಗಂಟೆ ಹೋಗಿ ಕಾಫಿ ಕುಡಿದು ಬನ್ನಿ. ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವುದು ಬೇಡವೆಂದು ಹೊರಡುವ ಮುಂಚೆಯೇ ಹೆಂಡತಿಗೆ ಹೇಳಿಬಿಡಿ. ಆ ಒಂದು ಗಂಟೆ ಅವರು ಮಲಗಲಿ.